ಸಂಪಾದಕರ ಉತ್ತರ: ಅವರು ಬಂದು ಕೇಳಿದರೆ ಏನು ಹೇಳೋಣ?

ಪುಣೆಯ ಚಿಂಚವಡದ ನಿವೃತ್ತ ಓದುಗರೊಬ್ಬರು ಐದು ಪುಟಗಳ ಪತ್ರ ಬರೆದಿದ್ದಾರೆ. ವಿಜ್ಞಾನ ದಿನದಂದು ಮೊಮ್ಮಗಳನ್ನು ಕರೆದುಕೊಂಡು ನಾರಾಯಣಗಾಂವ್ ಬಳಿಯ ಖೋಡದಕ್ಕೆ ಹೋಗಿ, ಅಲ್ಲಿನ ರೇಡಿಯೋ ದೂರದರ್ಶಕವನ್ನು ನೋಡಿಕೊಂಡು ಬಂದರಂತೆ. ಪತ್ರದ ತಿರುಳು ಇಷ್ಟು: 'ನಾಳೆ ಆ ತಟ್ಟೆಗಳಿಗೆ ಬೇರೆ ಲೋಕದ ಸಂದೇಶ ಬಂದು, ನಾಡಿದ್ದು ಅವರೇ ಬಂದಿಳಿದು, ನಿಮ್ಮಲ್ಲಿ ಧರ್ಮ ಎನ್ನುವುದೊಂದಿದೆಯಂತೆ, ಅದರಿಂದ ನಿಮಗೇನಾಯಿತು ಎಂದು ಕೇಳಿದರೆ ತಲೆ ತಗ್ಗಿಸಿ ನಿಲ್ಲಬೇಕಾಗುತ್ತದೆ. ಧರ್ಮವಿಲ್ಲದಿದ್ದರೆ ಮನುಷ್ಯ ಇಷ್ಟು ಹೊತ್ತಿಗೆ ನಕ್ಷತ್ರಗಳಿಗೇ ಹೋಗಿರುತ್ತಿದ್ದ. ಅವರು ಬಂದ ದಿನವೇ ನಮ್ಮ ಧರ್ಮಗಳೆಲ್ಲ ಕುಸಿದು ಬೀಳುತ್ತವೆ. ಬೀಳಲಿ. ನಿಮ್ಮ ಅಭಿಪ್ರಾಯವೇನು?' ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಸೂಚನೆ: 'ನನ್ನ ಹೆಸರು ಹಾಕಬೇಡಿ. ನನ್ನ ಷಡ್ಡಕ ಶನಿಪೂಜಾ ಸಮಿತಿಯ ಕಾರ್ಯದರ್ಶಿ.'

ಮಾನ್ಯರೇ,

ಹೆಸರು ಹಾಕಿಲ್ಲ. ಆದರೆ ಚಿಂಚವಡದಲ್ಲಿ ಮೊಮ್ಮಗಳಿರುವ, ಶನಿಪೂಜೆಯ ಷಡ್ಡಕನಿರುವ ಕನ್ನಡಿಗರು ಎಷ್ಟು ಜನ ಇದ್ದಾರು? ಮುಂದಿನ ಶನಿವಾರದ ಹೊಣೆ ನನ್ನದಲ್ಲ.

ಖೋಡದದ ಆ ತಟ್ಟೆಗಳನ್ನು ನಾನೂ ನೋಡಿದ್ದೇನೆ. ಒಂದೊಂದೂ 45 ಮೀಟರ್ ಅಗಲ, ಒಟ್ಟು 30. ದೂರದಿಂದ ಗಟ್ಟಿ ಲೋಹದ ಬಾಣಲೆಯಂತೆ ಕಾಣುತ್ತವೆ. ಹತ್ತಿರ ಹೋದರೆ ಬರೀ ಬಲೆ. ತೆಳ್ಳನೆಯ ಉಕ್ಕಿನ ತಂತಿಯ ಜಾಲರಿಯನ್ನು ಹಗ್ಗಗಳ ಮೇಲೆ ಬಿಗಿದಿದ್ದಾರೆ, ಗಾಳಿ ಆಚೆಯಿಂದ ಈಚೆಗೆ ಹಾದುಹೋಗುತ್ತದೆ. ಖಗೋಳ ವಿಜ್ಞಾನಿ ಗೋವಿಂದ ಸ್ವರೂಪ್ ಮತ್ತು ಅವರ ಬಳಗ ಕಡಿಮೆ ಖರ್ಚಿನಲ್ಲಿ ಕಟ್ಟಿದ್ದು ಹೀಗೆ. ಒಳಗೆ ಹೋಗುವಾಗ ಮೊಬೈಲ್ ಆಫ್ ಮಾಡಿಸುತ್ತಾರೆ. ಆಕಾಶದಿಂದ ಬರುವ ಪಿಸುಮಾತು ಕೇಳಬೇಕಾದರೆ ನಮ್ಮ ಗಲಾಟೆ ನಿಲ್ಲಬೇಕು, ಅಷ್ಟೇ.

ನಿಮ್ಮ ಪತ್ರದಲ್ಲಿ ನನಗೆ ಹಿಡಿಸಿದ್ದು ನಿಮ್ಮ ಪ್ರಶ್ನೆಗಿಂತ ಮೂರನೆಯ ಪುಟದ ಅಂಚಿನಲ್ಲಿ ಸಣ್ಣದಾಗಿ ಬರೆದಿರುವ ಮೊಮ್ಮಗಳ ಪ್ರಶ್ನೆ. 'ಅಜ್ಜಾ, ಅವರೂ ದೇವರಿಗೆ ಕೈ ಮುಗಿಯುತ್ತಾರಾ?' ಎಂದು ಕೇಳಿದಳಂತೆ. 'ಅವರು ನಮಗಿಂತ ಬುದ್ಧಿವಂತರು ಪುಟ್ಟಾ' ಎಂದು ನೀವು ಉತ್ತರಿಸಿದಿರಂತೆ. ಮಗು ಕೇಳಿದ್ದು ಒಂದು, ನೀವು ಹೇಳಿದ್ದು ಇನ್ನೊಂದು. ಬುದ್ಧಿವಂತರು ಕೈ ಮುಗಿಯುವುದಿಲ್ಲ ಎಂದು ನಿಮಗೆ ಯಾರು ಹೇಳಿದರು?

ನಮ್ಮ ಕರಾವಳಿಗೆ ಇಂಥವರು ಒಮ್ಮೆ ಬಂದಿದ್ದಾರೆ. 1498ರ ಮೇ ತಿಂಗಳಲ್ಲಿ ವಾಸ್ಕೋ ಡ ಗಾಮಾ ಕೋಳಿಕ್ಕೋಡಿಗೆ ಬಂದಿಳಿದ. ಅವನ ಹಡಗಿನಂಥ ಹಡಗು, ಅವನ ಫಿರಂಗಿಯಂಥ ಫಿರಂಗಿ ಇಲ್ಲಿ ಯಾರ ಬಳಿಯೂ ಇರಲಿಲ್ಲ. ನೀವು ಹೇಳುವ 'ಮುಂದುವರಿದವರು' ಎಂದರೆ ಇವರೇ. ಹಾಯಿಯ ಮೇಲೆ ಏನಿತ್ತು? ಶಿಲುಬೆ.

ರಾಜನನ್ನು ಕಾಣಲು ಹೋಗುವ ದಾರಿಯಲ್ಲಿ ಅವರನ್ನು ಒಂದು ದೇವಸ್ಥಾನಕ್ಕೆ ಕರೆದೊಯ್ದರು. ಇವರು ಅದನ್ನು ಚರ್ಚು ಎಂದುಕೊಂಡರು. ಒಳಗಿನ ಮೂರ್ತಿ ಮಾತೆ ಮರಿಯಳದ್ದಿರಬೇಕು ಎಂದುಕೊಂಡು ಮೊಣಕಾಲೂರಿದರು. ಅರ್ಚಕರು ನೀರು ಪ್ರೋಕ್ಷಿಸಿ ಬಿಳಿಯ ಪುಡಿಯನ್ನು ಕೊಟ್ಟರು. ಗೋಡೆಯ ಮೇಲೆ ಕಿರೀಟ ತೊಟ್ಟ 'ಸಂತರ' ಚಿತ್ರಗಳು. ಆದರೆ ಆ ಸಂತರಿಗೆ ಕೋರೆಹಲ್ಲು, ನಾಲ್ಕೈದು ಕೈ! ಜುವಾಂವ್ ಡ ಸಾ ಎಂಬವನಿಗೆ ಅನುಮಾನ ಬಂತು. ಮೊಣಕಾಲೂರಿಕೊಂಡೇ, 'ಇದು ಸೈತಾನನಾಗಿದ್ದರೆ ನಾನು ಪೂಜಿಸುತ್ತಿರುವುದು ನಿಜವಾದ ದೇವರನ್ನು' ಎಂದನಂತೆ. ಪಕ್ಕದಲ್ಲಿದ್ದ ಗಾಮಾ ಅದನ್ನು ಕೇಳಿ ನಕ್ಕ ಎಂದು ಪೋರ್ಚುಗೀಸರ ಚರಿತ್ರೆಯಲ್ಲೇ ಬರೆದಿದೆ. ಇಡೀ ಪ್ರಸಂಗದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಆ ನಗು. ಅದು ಅಲ್ಲೇ ನಿಂತುಬಿಟ್ಟಿದ್ದರೆ ಚೆನ್ನಾಗಿತ್ತು.

ನಿಲ್ಲಲಿಲ್ಲ. 1510ರಲ್ಲಿ ಗೋವೆ ಪೋರ್ಚುಗೀಸರ ಕೈಗೆ ಹೋಯಿತು. ಚರ್ಚಿನ ನಂಬಿಕೆ ಮೀರಿದವರನ್ನು ಶಿಕ್ಷಿಸಲು 1560ರಲ್ಲಿ ಶುರುವಾದ ಧರ್ಮವಿಚಾರಣೆ (ಇನ್‌ಕ್ವಿಸಿಷನ್) ನಡುವೆ ಸ್ವಲ್ಪ ಕಾಲ ನಿಂತದ್ದು ಬಿಟ್ಟರೆ 1812ರವರೆಗೆ ನಡೆಯಿತು. ಕುಠ್ಠಾಳದ ಮಂಗೇಶ, ಕೇಳೋಶಿಯ ಶಾಂತಾದುರ್ಗೆ ಊರು ಬಿಟ್ಟು ಜುವಾರಿ ನದಿ ದಾಟಿ ಫೋಂಡಾ ಕಡೆಗೆ ಬಂದರು. ದೇವರುಗಳೇ ನಿರಾಶ್ರಿತರು. ಆಗ ಫೋಂಡಾ ಯಾರ ಕೈಯಲ್ಲಿತ್ತು ಗೊತ್ತೇ? ನಮ್ಮ ವಿಜಯಪುರದ ಆದಿಲ್‌ಶಾಹಿಯ ಕೈಯಲ್ಲಿ. ಒಂದು ಧರ್ಮದ ಏಟಿಗೆ ಓಡಿಬಂದ ಇನ್ನೊಂದು ಧರ್ಮದ ದೇವರಿಗೆ ಮೂರನೆಯ ಧರ್ಮದ ದೊರೆಯ ನೆಲದಲ್ಲಿ ಜಾಗ ಸಿಕ್ಕಿತು. ಅನ್ಯಗ್ರಹದವರಿಗೆ ಇದನ್ನು ವಿವರಿಸುವ ಕೆಲಸ ನಿಮಗೆ ಬಿಟ್ಟಿದ್ದು. ದೇವರ ಜೊತೆ ಗುಳೆ ಹೊರಟ ಎಷ್ಟೋ ಕುಟುಂಬಗಳು ಕೆನರಾ ಕರಾವಳಿಗೆ ಇಳಿದವು. ಅವರ ಮರಿಮಕ್ಕಳು ಇಂದು ಮುಂಬಯಿಯಲ್ಲಿ ಕುಳಿತು ಈ ಪತ್ರಿಕೆ ಓದುತ್ತಾರೆ.

ಅಂದರೆ, ಬರುವವರು ನಮ್ಮ ಧರ್ಮದ ಲೆಕ್ಕ ಕೇಳುವ ತನಿಖಾಧಿಕಾರಿಗಳಾಗಿರುತ್ತಾರೆ ಎಂದು ನೀವು ಭಾವಿಸಿದ್ದೀರಿ. ನನಗಿರುವ ಅಳುಕು ಬೇರೆ. ಅವರು ತಮ್ಮದನ್ನೇ ಹೊತ್ತು ತಂದರೆ?

ಇನ್ನು, ಅವರು ಬಂದರೆ ಧರ್ಮಗಳು ಕುಸಿಯುತ್ತವೆ ಎಂಬ ಆಸೆಯನ್ನು ಬಿಡಿ. ಲೋಕಗಳು ಅನೇಕ ಎಂದು ಹೇಳಿದ ಜೋರ್ಡಾನೋ ಬ್ರೂನೋನನ್ನು 1600ರಲ್ಲಿ ರೋಮಿನಲ್ಲಿ ಜೀವಂತ ಸುಟ್ಟರು. ಅವನ ಮೇಲಿದ್ದ ಆರೋಪಗಳಲ್ಲಿ ಅದೂ ಒಂದು. ಅದೇ ರೋಮಿನಲ್ಲಿ, ವ್ಯಾಟಿಕನ್ ವೀಕ್ಷಣಾಲಯದ ಮುಖ್ಯಸ್ಥರಾಗಿದ್ದ ಪಾದ್ರಿ ಫ್ಯೂನೆಸ್ 2008ರಲ್ಲಿ, ಅನ್ಯಲೋಕದ ಜೀವಿಯನ್ನೂ ಸಹೋದರ ಎನ್ನಬಹುದು, ಅದರಿಂದ ನಮ್ಮ ನಂಬಿಕೆಗೆ ಅಡ್ಡಿಯಿಲ್ಲ ಎಂದರು. ನಾಲ್ಕು ನೂರು ವರ್ಷ ಹಿಡಿಯಿತು, ನಿಜ. ನಮಗಂತೂ ಹದಿನಾಲ್ಕು ಲೋಕ ಮೊದಲೇ ಇವೆ. ಹದಿನೈದನೆಯದಕ್ಕೆ ಒಂದು ಗುಡಿ ಕಟ್ಟಿ, ಗೋತ್ರ ಹುಡುಕಿ, ಮೊದಲ ಪೂಜೆ ಯಾರದ್ದು ಎಂದು ಕೋರ್ಟಿಗೆ ಹೋಗುತ್ತೇವೆ.

ಈಗ ನಿಮಗೆ ಗೊತ್ತಿರದ ಒಂದು ವಿಷಯ. ಅವರು ಇಲ್ಲಿಗೆ ಬರುವ ಮೊದಲೇ ನಾವು ಉತ್ತರ ಕಳಿಸಿಯಾಗಿದೆ. 1977ರಲ್ಲಿ ಹೊರಟ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಒಂದೊಂದು ಚಿನ್ನದ ಲೇಪದ ಧ್ವನಿಮುದ್ರಿಕೆ ಇದೆ. 55 ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಒಂದು: 'ನಮಸ್ತೆ, ಕನ್ನಡಿಗರ ಪರವಾಗಿ ಶುಭಾಶಯಗಳು.' ನಿಮ್ಮ ಪರವಾಗಿಯೂ ಹೇಳಿದ್ದಾರೆ, ನಿಮ್ಮ ಷಡ್ಡಕರ ಪರವಾಗಿಯೂ. ಆ ಮುದ್ರಿಕೆಯನ್ನು ರೂಪಿಸಿದ ವಿಜ್ಞಾನಿ ಕಾರ್ಲ್ ಸಾಗನ್ ಬಳಗದವರು ಅದರಲ್ಲಿ ಸೇರಿಸುವ ಚಿತ್ರಗಳನ್ನು ಆರಿಸುವಾಗ ಧರ್ಮದ ಸಹವಾಸವೇ ಬೇಡ ಎಂದುಕೊಂಡಿದ್ದರು. ಒಂದನ್ನು ಹಾಕಿದರೆ ಉಳಿದವರು ಸುಮ್ಮನಿರುತ್ತಾರೆಯೇ? ನಿಮ್ಮ ಮಾತಿನಂತೆ, ತಲೆ ತಗ್ಗಿಸುವ ಪ್ರಸಂಗ ಬಾರದಂತೆ ಮೊದಲೇ ಎಚ್ಚರ ವಹಿಸಿದ್ದರು.

ಆದರೆ ಅದರಲ್ಲಿರುವ 27 ಸಂಗೀತ ತುಣುಕುಗಳಲ್ಲಿ ಭಾರತದಿಂದ ಹೋದದ್ದು ಕೇಸರ್‌ಬಾಯಿ ಕೇರ್ಕರ್ ಹಾಡಿದ ಭೈರವಿ, 'ಜಾತ್ ಕಹಾಂ ಹೋ'. ಎಲ್ಲಿಗೆ ಹೊರಟೆ ಎಂಬ ಹಾಡು. ಮೂರೂವರೆ ನಿಮಿಷದ್ದು.

ಕೇಸರ್‌ಬಾಯಿ ಹುಟ್ಟಿದ್ದು 1892ರಲ್ಲಿ, ಗೋವೆಯ ಕೇರಿ ಎಂಬಲ್ಲಿ. ಆ ದೇವರುಗಳು ಓಡಿಬಂದು ನೆಲೆಸಿದ ಅದೇ ಫೋಂಡಾ ತಾಲೂಕಿನ ಊರು. ಹುಟ್ಟಿದ್ದು ದೇವಸ್ಥಾನಗಳ ಸೇವೆಗೆ ಕಟ್ಟಿಹಾಕಲ್ಪಟ್ಟಿದ್ದ ಕಲಾವಂತರ ಸಮುದಾಯದಲ್ಲಿ. ದೇವರ ಮುಂದೆ ಹಾಡುವ ಆ ಹೆಣ್ಣುಮಕ್ಕಳಿಗೆ ಮದುವೆಯ ಹಕ್ಕಿರಲಿಲ್ಲ, ಮರ್ಯಾದೆಯ ಮನೆಯಲ್ಲಿ ಜಾಗವಿರಲಿಲ್ಲ. ಇದ್ದದ್ದು ಹಾಡು ಒಂದೇ. ಅವರ ಗುರು ಉಸ್ತಾದ್ ಅಲ್ಲಾದಿಯಾ ಖಾನರು. ಆ ಕಂಠದಲ್ಲಿ ಮೇಲೇರಿ ನಿಲ್ಲುವ ಸ್ವರವಿದೆಯಲ್ಲ, ಅದರಲ್ಲಿ ಗುಡಿ ಎಷ್ಟು, ಗುಡಿ ಮಾಡಿದ ಅನ್ಯಾಯ ಎಷ್ಟು, ಉಸ್ತಾದರ ಮನೆಯ ರಿಯಾಜ್ ಎಷ್ಟು ಎಂದು ಬಿಡಿಸಿ ಹೇಳಬಲ್ಲಿರಾ? ನನಗಾಗುವುದಿಲ್ಲ. ವಾಯೇಜರ್-1 ಹಾರಿದ್ದು 1977ರ ಸೆಪ್ಟೆಂಬರ್ 5ಕ್ಕೆ. ಕೇಸರ್‌ಬಾಯಿ ತೀರಿಕೊಂಡದ್ದು ಸೆಪ್ಟೆಂಬರ್ 16ಕ್ಕೆ. ಈಗ ಆ ದನಿ 2,400 ಕೋಟಿ ಕಿಲೋಮೀಟರಿಗಿಂತ ಆಚೆ ಇದೆ. ಬಾಗಿಲಿನಲ್ಲಿ ತಡೆದ ಧರ್ಮ ಕಿಟಕಿಯಿಂದ ಒಳಗೆ ಹತ್ತಿ ಕುಳಿತಿದೆ.

ಹಾಗೆಂದು ನಾನು ಅದಕ್ಕೆ ವಕೀಲನಾಗಿ ನಿಂತಿದ್ದೇನೆ ಎಂದುಕೊಳ್ಳಬೇಡಿ. ಎಲ್ಲರೂ ಕೇಸರ್‌ಬಾಯಿ ಆಗುವುದಿಲ್ಲ.

ಪತ್ರಿಕೆಗೆ ಸೇರಿದ ಹೊಸದರಲ್ಲಿ, ಸುಮಾರು ಮೂವತ್ತು ವರ್ಷಗಳ ಹಿಂದೆ, ಮುಂಬಯಿಯ ಸೂಳೆಗೇರಿಯಾದ ಕಾಮಾಟಿಪುರದಲ್ಲಿ ಕೆಲಸ ಮಾಡುತ್ತಿದ್ದ ದಾದಿಯೊಬ್ಬರು ಕನ್ನಡ ಬರೆಯಬಲ್ಲವರು ಬೇಕು ಎಂದು ನನ್ನನ್ನು ಕರೆದೊಯ್ದಿದ್ದರು. ಅಲ್ಲಿ ಕಾದಿದ್ದವರು ಅಥಣಿ ಕಡೆಯ ಒಬ್ಬ ಹೆಂಗಸು. ಹತ್ತೋ ಹನ್ನೊಂದೋ ವರ್ಷಕ್ಕೆ ಮುತ್ತು ಕಟ್ಟಿಸಿಕೊಂಡು ದೇವದಾಸಿಯಾದವರು. ಊರಿಗೆ ಕಾಗದ ಬರೆಸಬೇಕಿತ್ತು: ಮನಿಯಾರ್ಡರ್ ಮುಟ್ಟಿತೇ, ಅವ್ವನ ಕಣ್ಣಿನ ಆಪರೇಷನ್ ಆಯಿತೇ, ತಮ್ಮನ ಮಗಳನ್ನು ಶಾಲೆ ಬಿಡಿಸಬೇಡಿ. ಈ ಕೊನೆಯ ಸಾಲನ್ನು ಎರಡು ಸಲ ಬರೆಸಿದರು. ಮಂಚದ ತಲೆದೆಸೆಯಲ್ಲಿ, ಮಸಿ ಹಿಡಿದ ಗೋಡೆಯ ಮೇಲೆ ಸವದತ್ತಿ ಯಲ್ಲಮ್ಮನ ಪಟ. ಅದಕ್ಕೆ ಭಂಡಾರ ಹಚ್ಚಿದ್ದು ಹೊಸದಾಗಿತ್ತು. ನನಗೆ ಆಗ ಇಪ್ಪತ್ತಾರು ವರ್ಷ, ತಿಳಿವಳಿಕೆ ಕಡಿಮೆ. 'ಈಕೆಯ ಮೇಲೆ ನಿಮಗೆ ಸಿಟ್ಟಿಲ್ಲವೇ?' ಎಂದು ಕೇಳಿಬಿಟ್ಟೆ. ಆಕೆ ಲಕೋಟೆಗೆ ಅಂಟು ಸವರುತ್ತ, 'ಆಕೀ ಮ್ಯಾಲೆ ಸಿಟ್ಟು ಮಾಡಿದರ ನಾ ಮತ್ಯಾರ ಮುಂದ ಹೇಳಿಕೊಳ್ಳಲಿ?' ಎಂದರು.

ಮುಂಬಯಿ ಪ್ರಾಂತ್ಯ 1934ರಲ್ಲೇ ದೇವದಾಸಿ ಸಂರಕ್ಷಣಾ ಕಾಯ್ದೆ ಮಾಡಿತ್ತು. ಕರ್ನಾಟಕ 1982ರಲ್ಲಿ ಮತ್ತೊಂದು ಮಾಡಿತು. ಮುತ್ತು ಕಟ್ಟಿದವರು ಹೆತ್ತವರು, ಹಿರಿಯರು, ಪೂಜಾರಿ. ಆ ಕೋಣೆಯಲ್ಲಿ ರಾತ್ರಿ ಹೇಳಿಕೊಳ್ಳಲು ಉಳಿದವಳು ಯಲ್ಲಮ್ಮ ಒಬ್ಬಳೇ. ನೀವು ಹೇಳುವ ಧರ್ಮ ಇವೆರಡರಲ್ಲಿ ಯಾವುದು?

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಹತ್ತು ವರ್ಷದ ಹುಡುಗಿಯ ಬದಲು ಬೇರೆಯವರು ದೇವರ ಮಾತನ್ನು ಆಡಿದರು, ಕೇಡು ಅಲ್ಲಿದೆ. ಕುಠ್ಠಾಳದ ಜನರ ಬದಲು ಪಾದ್ರಿಗಳು ತೀರ್ಮಾನಿಸಿದರು, ಅಲ್ಲಿಯೂ ಅದೇ. ನೊಂದವನು ತಾನೇ ಅದನ್ನು ಕೈಗೆ ತೆಗೆದುಕೊಂಡಾಗ ಕಥೆ ಬೇರೆಯಾಗುತ್ತದೆ. ಧರ್ಮ ಮನುಷ್ಯನಿಗೆ ಏನು ಮಾಡಬಲ್ಲದು ಎಂಬುದನ್ನು ಅಂಬೇಡ್ಕರರಷ್ಟು ಹತ್ತಿರದಿಂದ ಕಂಡವರು ಈ ನಗರದಲ್ಲಿ ಇನ್ನಾರಿದ್ದಾರೆ? ಹಿಂದೂವಾಗಿ ಸಾಯುವುದಿಲ್ಲ ಎಂದು 1935ರಲ್ಲಿ ಯೇವಲೆಯಲ್ಲಿ ಹೇಳಿದವರು, ಧರ್ಮವೇ ಬೇಡ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಇಪ್ಪತ್ತೊಂದು ವರ್ಷ ಓದಿದರು, ತೂಗಿ ನೋಡಿದರು, 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬೌದ್ಧರಾದರು. ಅವರು ತೀರಿಕೊಂಡ ದಿನ, ಡಿಸೆಂಬರ್ 6ಕ್ಕೆ, ದಾದರಿಗೆ ಬನ್ನಿ. ಅವರ ಅಂತ್ಯಕ್ರಿಯೆ ನಡೆದ ಚೈತ್ಯಭೂಮಿಗೆ ಬರುವ ಜನ ಹೂವಿನ ಜೊತೆ ಶಿವಾಜಿ ಪಾರ್ಕಿನಲ್ಲಿ ಪುಸ್ತಕ ಕೊಳ್ಳುತ್ತಾರೆ. ಹೆಗಲ ಮೇಲೆ ಮಗು, ಕಂಕುಳಲ್ಲಿ ಪುಸ್ತಕದ ಕಟ್ಟು. ಅಷ್ಟು ಪುಸ್ತಕ ಮಾರಾಟವಾಗುವ ಜಾತ್ರೆಯನ್ನು ಹೊಟ್ಟೆಕಿಚ್ಚಿಲ್ಲದೆ ನೋಡುವುದು ಪತ್ರಿಕೆ ನಡೆಸುವವನಿಗೆ ಕಷ್ಟ.

ಧರ್ಮವಿಲ್ಲದಿದ್ದರೆ ನಕ್ಷತ್ರಕ್ಕೆ ಹೋಗಿರುತ್ತಿದ್ದೆವು ಎಂಬ ನಿಮ್ಮ ಮಾತಿಗೆ ಸಣ್ಣ ತಕರಾರು. ನೀವು ಬರೆದದ್ದು ಕನ್ನಡ ಪತ್ರಿಕೆಗೆ. 1843ರಲ್ಲಿ ಮಂಗಳೂರಿನಲ್ಲಿ ಮೊದಲ ಕನ್ನಡ ಪತ್ರಿಕೆಯನ್ನು ತಂದವರು ಬಾಸೆಲ್ ಮಿಷನ್ನಿನ ಮೋಗ್ಲಿಂಗ್. ನಿಮ್ಮ ಪತ್ರದ ಒಂದು ಪದಕ್ಕೆ ನಾನು ತೆರೆದ ನಿಘಂಟು ಕಿಟೆಲ್ಲರದ್ದು, 1894ರದ್ದು. ಇಬ್ಬರೂ ಬಂದದ್ದು ನಮ್ಮನ್ನು ಮತಾಂತರಿಸಲು. ನಾವು ಅವರಿಂದ ಪತ್ರಿಕೆ, ನಿಘಂಟು ಇಸಿದುಕೊಂಡೆವು.

ಇನ್ನು ನಿಮ್ಮ ಷಡ್ಡಕರ ವಿಚಾರ. ಶನಿಗ್ರಂಥ ಪಾರಾಯಣದ ಧ್ವನಿವರ್ಧಕ ರಾತ್ರಿ ಹನ್ನೊಂದರವರೆಗೆ ಕಿವಿ ಕೊರೆಯುತ್ತದೆ ಎಂದಿದ್ದೀರಿ. ಅದಕ್ಕೆ ಹತ್ತು ಗಂಟೆಯ ನಿಯಮವಿದೆ, ಧಾರಾಳವಾಗಿ ಹೇಳಿ. ಆದರೆ ಮುಂಬಯಿಯಲ್ಲಿ ಹೋಟೆಲಿನ ಲೋಟ ತೊಳೆಯಲು ಬಂದ ಎಷ್ಟೋ ಹುಡುಗರಿಗೆ ಮೊದಲು ಮಲಗಲು ಜಾಗ, ರಾತ್ರಿಶಾಲೆಯ ಶುಲ್ಕ, ಕಾಯಿಲೆ ಬಿದ್ದಾಗ ಆಸ್ಪತ್ರೆಯ ಖರ್ಚು ಸಿಕ್ಕಿದ್ದು ಇಂಥ ಸಮಿತಿಗಳಿಂದ ಎಂಬುದನ್ನೂ ನಾನು ಕಂಡಿದ್ದೇನೆ. ತಮ್ಮ ಜಾತಿಯ ಹುಡುಗನೇ ಎಂದು ಮೊದಲು ವಿಚಾರಿಸಿಕೊಂಡದ್ದನ್ನೂ ಕಂಡಿದ್ದೇನೆ. ಎರಡನ್ನೂ ಅವರಿಗೆ ಹೇಳಿ.

ಮೊಮ್ಮಗಳಿಗೆ ಕೇಸರ್‌ಬಾಯಿಯ ಆ ಹಾಡನ್ನು ಕೇಳಿಸಿ. ಅವಳ ಪ್ರಶ್ನೆಗೆ, ಕೈ ಇದ್ದರೆ ತಾನೇ ಮುಗಿಯುವುದು, ಕೈ ಇದೆಯೋ ಇಲ್ಲವೋ ಗೊತ್ತಿಲ್ಲ ಎಂದು ಹೇಳಿ ನೋಡಿ. ಅವಳು ಮುಂದೇನು ಕೇಳುತ್ತಾಳೋ ಅದನ್ನು ನಮಗೆ ಬರೆದು ಕಳಿಸಿ. ಅಂಚಿನಲ್ಲಿ ಬೇಡ, ಈ ಸಲ ಮೊದಲ ಪುಟದಲ್ಲೇ ಬರೆಯಿರಿ.

ನಿಮ್ಮ ಪತ್ರಿಕೆಯನ್ನು ಪ್ರತಿ ತಿಂಗಳೂ ಷಡ್ಡಕರೇ ಒಯ್ದು ಓದುತ್ತಾರೆ ಎಂದೂ ಬರೆದಿದ್ದೀರಿ. ಚಂದಾ ಅರ್ಜಿಯೊಂದನ್ನು ಈ ಸಂಚಿಕೆಯ ಒಳಗೆ ಇಟ್ಟಿದ್ದೇನೆ. ಅದನ್ನು ಅವರಿಗೆ ಕೊಡುವ ಮೊದಲು ಈ ಪುಟವನ್ನು ಹರಿದುಕೊಳ್ಳಲು ಮರೆಯಬೇಡಿ.

— ಸಂಪಾದಕ