ಬೆಂಗಳೂರಲ್ಲಿ ಹಣ್ಣಿನ ರಸ, ಫ್ರಾಂಕ್‌ಫರ್ಟ್‌ನಲ್ಲಿ ಶಾಂಪೇನ್: ಯಾಕೆ ಹೀಗೆ?

ಬಸವನಗುಡಿಯ ಓದುಗರೊಬ್ಬರ ಪತ್ರ: "ನನಗೆ 67 ವರ್ಷ. ಮಗ ಟಿಕೆಟ್ ತೆಗೆಸಿದ್ದರಿಂದ ಮೊದಲ ಸಲ ಬಿಸಿನೆಸ್ ಕ್ಲಾಸ್‌ನಲ್ಲಿ ಜರ್ಮನಿಗೆ ಹೋಗಿಬಂದೆ. ಬೆಂಗಳೂರಲ್ಲಿ ಹತ್ತಿ ಕೂತಾಗ ಹಣ್ಣಿನ ರಸ, ನೀರು ತಂದರು. ಶಾಂಪೇನ್ ಇಲ್ಲವೇ ಎಂದು ಕೇಳಿದ್ದಕ್ಕೆ 'ಟೇಕಾಫ್ ಆದ ಮೇಲೆ ಸರ್' ಎಂದರು. ವಾಪಸ್ ಬರುವಾಗ ಫ್ರಾಂಕ್‌ಫರ್ಟ್‌ನಲ್ಲಿ ಅದೇ ಕಂಪನಿಯವರು ಕೂತ ಕೂಡಲೇ ಶಾಂಪೇನ್ ಕೊಟ್ಟರು. ಅಮೆರಿಕದಲ್ಲಿರುವ ಮಗಳು ಹೇಳುವ ಪ್ರಕಾರ ಅಲ್ಲಿ ಒಂದೇ ಕಂಪನಿಯವರು ಒಮ್ಮೆ ಕೊಡುತ್ತಾರೆ, ಒಮ್ಮೆ ಕೊಡುವುದಿಲ್ಲ. ನಮ್ಮೂರಿನವರೆಂದರೆ ಇಷ್ಟು ಸದರವೇ? ಬೆಂಗಳೂರಲ್ಲಿ ರಸ ತಂದ ಆ ಗಗನಸಖಿ ಹುಡುಗಿಗೆ ಎರಡು ಮಾತು ಬಿಸಿಯಾಗಿಯೇ ಹೇಳಿದೆ. ಬರುವ ತಿಂಗಳು ಮತ್ತೆ ಹೊರಟಿದ್ದೇನೆ. ಕೇಳುವುದು ತಪ್ಪೇ?"

ಸಂಪಾದಕರ ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಬೇಸರ ಅರ್ಥವಾಗುತ್ತದೆ. ಮಗ ಪ್ರೀತಿಯಿಂದ ತೆಗೆಸಿಕೊಟ್ಟ ಟಿಕೆಟ್, ಮೊದಲ ಸಲದ ಸಂಭ್ರಮ. ಅಂಥ ಹೊತ್ತಲ್ಲಿ ಯಾರೋ ನಮ್ಮನ್ನು ಕಡಿಮೆ ಮಾಡಿದರು ಅನ್ನಿಸಿದರೆ ಮನಸ್ಸಿಗೆ ಚುಚ್ಚುತ್ತದೆ. ಆದರೆ ಕಾರಣ ನೀವು ಅಂದುಕೊಂಡದ್ದಲ್ಲ. ಸೀಟಿನಲ್ಲಿ ಯಾರು ಕೂತಿದ್ದಾರೆ ಅಂತ ನೋಡಿ ಲೋಟ ತುಂಬುವುದಿಲ್ಲ. ವಿಮಾನ ಯಾವ ನೆಲದ ಮೇಲೆ ನಿಂತಿದೆ ಅನ್ನುವುದನ್ನು ಮೊದಲು ನೋಡುತ್ತಾರೆ.

ಸುಂಕದಿಂದ ಶುರು ಮಾಡುತ್ತೇನೆ. ವಿದೇಶಕ್ಕೆ ಹಾರುವ ವಿಮಾನದಲ್ಲಿರುವ ಮದ್ಯ ಸಾಮಾನ್ಯವಾಗಿ ಸುಂಕ ಕಟ್ಟದ ಸರಕು. 1944ರಲ್ಲಿ ಶಿಕಾಗೋದಲ್ಲಿ ಹಲವು ದೇಶಗಳು ಸೇರಿ ವಿಮಾನಯಾನದ ಒಪ್ಪಂದ ಮಾಡಿಕೊಂಡವು. ನಮ್ಮ ದೇಶವೂ ಅದರಲ್ಲಿದೆ. ಅದರ 24ನೇ ವಿಧಿ ಹೇಳುವುದಿಷ್ಟು: ಒಂದು ದೇಶದ ವಿಮಾನ ಇನ್ನೊಂದು ದೇಶಕ್ಕೆ ಬಂದಿಳಿದಾಗ ಅದರಲ್ಲಿರುವ ಇಂಧನಕ್ಕೆ, ಬಿಡಿಭಾಗಕ್ಕೆ, ತಿನ್ನುವ ಕುಡಿಯುವ ಸಾಮಾನಿಗೆ ಸುಂಕವಿಲ್ಲ. ಆದರೆ ಒಂದು ಷರತ್ತಿದೆ. ಹೊರಡುವಾಗಲೂ ಆ ಸಾಮಾನು ವಿಮಾನದೊಳಗೇ ಉಳಿದಿರಬೇಕು. ಕೆಳಗೆ ನಿಂತಿರುವಾಗಲೇ ಬಾಟಲಿ ತೆರೆದರೆ ಅದು ಆ ನೆಲದಲ್ಲಿ ಖರ್ಚಾಯಿತು ಅಂತ ಲೆಕ್ಕ ಹಿಡಿಯಬಹುದು. ಆಗ ಆ ದೇಶದ ತೆರಿಗೆ ಬಂದು ಕೂರುತ್ತದೆ.

ಇದು ಕಾಗದದ ಮೇಲಿನ ಮಾತಲ್ಲ. ನನ್ನ ಅಕ್ಕನ ಮಗಳು ಎಂಟು ವರ್ಷದಿಂದ ಕ್ಯಾಬಿನ್ ಕ್ರೂ ಕೆಲಸದಲ್ಲಿದ್ದಾಳೆ. ಹಾಸನದ ಹುಡುಗಿ. ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ವಿಮಾನ ಇಳಿಯುವುದಕ್ಕೆ ಮುಂಚೆ ಬಾರ್ ಟ್ರಾಲಿಯ ಮುಂದೆ ಕೂತು ಎಣಿಸಬೇಕು. 50 ಮಿಲಿಯ ಪುಟ್ಟ ಬಾಟಲಿ ಎಷ್ಟು ಉಳಿದಿವೆ, ದೊಡ್ಡ ಬಾಟಲಿ ಎಷ್ಟು ತೆರೆದಿವೆ, ಎಲ್ಲ ಫಾರಂನಲ್ಲಿ ಬರೆಯಬೇಕು. ಆಮೇಲೆ ಟ್ರಾಲಿ ಬಾಗಿಲಿಗೆ ಪ್ಲಾಸ್ಟಿಕ್ ಸೀಲ್ ಎಳೆದು ಬಿಗಿಯಬೇಕು. ಪ್ರತಿ ಸೀಲ್‌ಗೂ ಒಂದೊಂದು ನಂಬರ್ ಇರುತ್ತದೆ, ಆ ನಂಬರನ್ನೂ ಬರೆಯಬೇಕು. ಕೆಳಗೆ ಕಸ್ಟಮ್ಸ್‌ನವರು ಬಂದು ನೋಡಿದರೆ ಸೀಲ್ ನಂಬರ್, ಫಾರಂ ನಂಬರ್ ಎರಡೂ ಒಂದೇ ಇರಬೇಕು. "ಒಂದು ಅಂಕಿ ತಪ್ಪಿದರೂ ಉತ್ತರ ಹೇಳಬೇಕಾದವಳು ನಾನು ಮಾಮ" ಅಂತಾಳೆ. ನಿಮಗೆ 'ಟೇಕಾಫ್ ಆದ ಮೇಲೆ ಸರ್' ಅಂದ ಹುಡುಗಿಯ ಹಿಂದೆ ಇಂಥದ್ದೇ ಒಂದು ಸೀಲ್ ಹಾಕಿದ ಟ್ರಾಲಿ ನಿಂತಿದ್ದಿರಬಹುದು.

ಹಾಗಾದರೆ ಫ್ರಾಂಕ್‌ಫರ್ಟ್‌ನಲ್ಲಿ ಕೊಟ್ಟಿದ್ದು ಹೇಗೆ? ಕೆಲವು ಕಂಪನಿಗಳು ತೆರಿಗೆ ಕಟ್ಟಿದ ಕೆಲವು ಬಾಟಲಿಗಳನ್ನು ಬೇರೆಯಾಗಿ ಇಟ್ಟುಕೊಳ್ಳುತ್ತವೆ. ನೆಲದಲ್ಲಿ ಕೊಡುವುದಕ್ಕೆ ಅದು. ತೆರಿಗೆ ಜಾಸ್ತಿ ಇರುವ ಕಡೆ ಕೆಳಗೆ ಅಗ್ಗದ ಸ್ಪಾರ್ಕ್ಲಿಂಗ್ ವೈನ್ ಕೊಟ್ಟು, ಒಳ್ಳೆಯ ಶಾಂಪೇನನ್ನು ಮೇಲೆ ಹೋದ ಮೇಲೆ ತೆರೆಯುವವರೂ ಇದ್ದಾರೆ. ಜರ್ಮನಿಯಲ್ಲಿ ಈ ಗುಳ್ಳೆ ಏಳುವ ವೈನ್‌ಗೆಂದೇ ಒಂದು ತೆರಿಗೆ ಇದೆ. 1902ರಲ್ಲಿ ಅಲ್ಲಿನ ಚಕ್ರವರ್ತಿಯ ನೌಕಾಪಡೆಗೆ ದುಡ್ಡು ಬೇಕೆಂದು ಹಾಕಿದ್ದು. ಚಕ್ರವರ್ತಿ ಹೋದ, ನೌಕಾಪಡೆ ಹೋಯಿತು, ತೆರಿಗೆ ಮಾತ್ರ ಇವತ್ತಿಗೂ ಇದೆ. ಮುಕ್ಕಾಲು ಲೀಟರ್ ಬಾಟಲಿಗೆ 1.02 ಯೂರೋ. ಕಂಪನಿಗೆ ಅದೊಂದು ಹೊರೆಯೇ ಅಲ್ಲ, ಮೊತ್ತವೂ ಮೊದಲೇ ಗೊತ್ತಿರುತ್ತದೆ.

ನಮ್ಮಲ್ಲಿ ಹಾಗಲ್ಲ. ಸಂವಿಧಾನದ ಪ್ರಕಾರ ಮದ್ಯ ರಾಜ್ಯಗಳಿಗೆ ಸೇರಿದ ವಿಷಯ. 2017ರಲ್ಲಿ ಜಿಎಸ್‌ಟಿ ಬಂದಾಗಲೂ ಕುಡಿಯುವ ಮದ್ಯವನ್ನು ಅದರಿಂದ ಹೊರಗೇ ಇಟ್ಟರು. ದೇವನಹಳ್ಳಿಯಲ್ಲಿ ನಿಂತಿದ್ದರೆ ಕರ್ನಾಟಕದ 1965ರ ಅಬಕಾರಿ ಕಾಯ್ದೆ. ಅಹಮದಾಬಾದಿನಲ್ಲಿ ನಿಂತಿದ್ದರೆ ಗುಜರಾತ್ ಹುಟ್ಟಿದ 1960ರಿಂದಲೂ ಇರುವ ಪಾನನಿಷೇಧ. ಪಟ್ನಾದಲ್ಲಿ 2016ರಿಂದ ನಿಷೇಧ. ಒಂದೊಂದು ಊರಿಗೆ ಒಂದೊಂದು ಲೆಕ್ಕ ಇಡುವುದಕ್ಕಿಂತ, ಇಲ್ಲಿ ನೆಲದ ಮೇಲೆ ಇರುವಷ್ಟು ಹೊತ್ತು ಬೇಡವೇ ಬೇಡ ಅಂತ ಒಂದು ಕಂಪನಿ ತೀರ್ಮಾನಿಸಿದರೆ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಇನ್ನು ದೇಶದೊಳಗಿನ ವಿಮಾನಗಳಲ್ಲಿ ಕೆಳಗೂ ಇಲ್ಲ, ಮೇಲೂ ಇಲ್ಲ. ಬೆಂಗಳೂರಿನಿಂದ ದೆಹಲಿಗೆ ಎಷ್ಟೇ ದುಡ್ಡು ಕೊಟ್ಟು ಬಿಸಿನೆಸ್ ಕ್ಲಾಸ್‌ನಲ್ಲಿ ಹೋದರೂ ಮದ್ಯ ಕೊಡುವಂತಿಲ್ಲ. ಸೌದಿಯಾ, ಕುವೈತ್ ಏರ್‌ವೇಸ್‌ನಂಥ ಕೆಲವು ಕಂಪನಿಗಳಂತೂ ಎಲ್ಲಿಗೆ ಹಾರಿದರೂ ಕೊಡುವುದಿಲ್ಲ.

ಮಗಳ ಪ್ರಶ್ನೆಗೆ ಬರುತ್ತೇನೆ. ಅಮೆರಿಕದೊಳಗಿನ ವಿಮಾನಗಳಲ್ಲಿ ಮುಂದಿನ ಸಾಲಿನವರಿಗೆ ಹೊರಡುವ ಮುಂಚೆ ಕುಡಿಯಲು ಕೊಡುವ ಪದ್ಧತಿ ಇದೆ. ಆದರೆ ಅಲ್ಲಿನ ನಿಯಮ ಕಟ್ಟುನಿಟ್ಟು. ಯಾವುದೇ ಸೀಟಿನ ಹತ್ತಿರ ವಿಮಾನದವರು ಕೊಟ್ಟ ತಿಂಡಿಯೋ ಲೋಟವೋ ಇದ್ದರೆ ವಿಮಾನ ನೆಲದ ಮೇಲೆ ಒಂದು ಅಡಿಯೂ ಚಲಿಸುವಂತಿಲ್ಲ. ಅಂದರೆ ಕೊಟ್ಟಷ್ಟೇ ಬೇಗ ವಾಪಸ್ ತೆಗೆದುಕೊಳ್ಳಬೇಕು. ಸಣ್ಣ ವಿಮಾನವಾದರೆ ಹಿಂದಿನ ಸೀಟಿನವರೆಲ್ಲ ಚೀಲ ಹೊತ್ತುಕೊಂಡು ಮುಂದಿನ ಸಾಲಿನ ಮಧ್ಯದಿಂದಲೇ ಹೋಗಬೇಕು. ಅವರ ಎದುರು ಟ್ರೇ ಹಿಡಿದು ನಿಲ್ಲುವುದು ಸುಲಭವಲ್ಲ. ದೊಡ್ಡ ವಿಮಾನಗಳಲ್ಲಿ ಎರಡನೇ ಬಾಗಿಲಿನಿಂದ ಹತ್ತಿಸಿದರೆ ಬಿಸಿನೆಸ್ ಕ್ಲಾಸ್ ಶಾಂತವಾಗಿರುತ್ತದೆ, ಲೋಟ ಹಿಡಿದು ಓಡಾಡಲು ಜಾಗ ಸಿಗುತ್ತದೆ.

ಇನ್ನೊಂದು ವಿಷಯ ತಿಳಿದಾಗ ನನಗೆ ನಿಜಕ್ಕೂ ಬೇಜಾರಾಯಿತು. ಅಮೆರಿಕದ ಕಂಪನಿಗಳಲ್ಲಿ ಗಗನಸಖಿಯರಿಗೆ ಬಹಳ ಕಾಲ ಪೂರ್ತಿ ಸಂಬಳ ಶುರುವಾಗುತ್ತಿದ್ದದ್ದು ಬಾಗಿಲು ಮುಚ್ಚಿದ ಮೇಲೆ. ಜನರನ್ನು ಹತ್ತಿಸಿ, ಚೀಲ ಎತ್ತಿಟ್ಟು, ಅಳುವ ಮಗುವಿನ ತಾಯಿಗೆ ಸೀಟು ಹೊಂದಿಸಿಕೊಡುವ ಆ ಹೊತ್ತಿಗೆ ಗಂಟೆ ಲೆಕ್ಕದ ದುಡ್ಡಿಲ್ಲ. ಡೆಲ್ಟಾ ಕಂಪನಿ 2022ರಲ್ಲಿ ಬೋರ್ಡಿಂಗ್ ಹೊತ್ತಿಗೂ ಅರ್ಧ ದರದಲ್ಲಿ ಕೊಡಲು ಶುರು ಮಾಡಿತು. ಅಮೆರಿಕನ್ ಏರ್‌ಲೈನ್ಸ್‌ನಲ್ಲಿ 2024ರ ಒಪ್ಪಂದದಲ್ಲಿ ಅದು ಬಂತು. ಕೂಲಿಯಿಲ್ಲದ ಹೊತ್ತಲ್ಲಿ ಒಬ್ಬರು ನಗುತ್ತಾ ವೈನ್ ತಂದುಕೊಟ್ಟರೆ ಅದು ಅವರ ದೊಡ್ಡತನ. ತರದಿದ್ದರೆ ಅವರನ್ನು ದೂರುವುದಕ್ಕೆ ನನಗೆ ಬಾಯಿ ಬರುವುದಿಲ್ಲ.

ಸುರಕ್ಷತೆಯ ಮಾತೂ ಇದೆ. ಹೊಸ ವಿಮಾನಕ್ಕೆ ಒಪ್ಪಿಗೆ ಸಿಗಬೇಕಾದರೆ, ಅಪಾಯದ ಹೊತ್ತಲ್ಲಿ ಅರ್ಧ ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನೊಳಗೆ ಎಲ್ಲರೂ ಹೊರಗೆ ಬರಬಹುದು ಅಂತ ತೋರಿಸಬೇಕು. 2006ರಲ್ಲಿ ಹ್ಯಾಂಬರ್ಗ್‌ನಲ್ಲಿ ಏರ್‌ಬಸ್ ಎ380 ಪರೀಕ್ಷೆಯಲ್ಲಿ 873 ಜನ 78 ಸೆಕೆಂಡಿನಲ್ಲಿ ಹೊರಗಿದ್ದರು. ಒಂದು ಲೋಟ ಶಾಂಪೇನ್‌ನಿಂದ ಇದೆಲ್ಲ ಕೆಟ್ಟುಹೋಗುತ್ತದೆ ಅಂತಲ್ಲ. ಆದರೆ ಆ ಲೋಟ ಕೇಳುವವರಲ್ಲಿ ಲೌಂಜ್‌ನಲ್ಲಿ ಆಗಲೇ ನಾಲ್ಕು ಕುಡಿದು ಬಂದವರೂ ಇರುತ್ತಾರೆ. ಅವರನ್ನು ಗುರುತಿಸಿ ಬೇಡ ಅನ್ನುವ ಕೆಲಸವೂ ಆ ಹುಡುಗಿಯದೇ. ಬಾಗಿಲು ತೆರೆದಿರುವಾಗ ಒಬ್ಬರನ್ನು ಇಳಿಸಬಹುದು. ಮೇಲೆ ಹೋದ ಮೇಲೆ ಹತ್ತು ಗಂಟೆ ಅವರ ಜೊತೆಯಲ್ಲೇ ಇರಬೇಕಲ್ವಾ?

ನಿಮ್ಮ ವಯಸ್ಸು ಬರೆದಿದ್ದೀರಿ, ಅದಕ್ಕೇ ಇದನ್ನೂ ಹೇಳಿಬಿಡುತ್ತೇನೆ. ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ರಿಂದ 8,000 ಅಡಿ ಎತ್ತರದಲ್ಲಿ ಇರುವಷ್ಟು. ಅಂದರೆ ಮುಳ್ಳಯ್ಯನಗಿರಿ ತುದಿಯಲ್ಲೋ ಊಟಿಯಲ್ಲೋ ಕೂತ ಹಾಗೆ. ಜರ್ಮನಿಯ ಸಂಶೋಧಕರು 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವಿಮಾನದಂಥ ಒತ್ತಡವಿರುವ ಕೋಣೆಯಲ್ಲಿ ಆರೋಗ್ಯವಂತ ಯುವಕರು ಕುಡಿದು ಮಲಗಿದಾಗ ರಕ್ತದ ಆಮ್ಲಜನಕ ಸುಮಾರು ಶೇ. 85ಕ್ಕೆ ಇಳಿದಿತ್ತು, ಎದೆಬಡಿತ ಏರಿತ್ತು. ರಾತ್ರಿ ವಿಮಾನದಲ್ಲಿ ಕುಡಿದ ಕೂಡಲೇ ಮಲಗುವ ಅಭ್ಯಾಸ ಬೇಡ. ಬಿಪಿ ಮಾತ್ರೆಯೋ ನಿದ್ದೆ ಮಾತ್ರೆಯೋ ತೆಗೆದುಕೊಳ್ಳುತ್ತಿದ್ದರೆ ಹೊರಡುವ ಮುಂಚೆ ನಿಮ್ಮ ಡಾಕ್ಟರನ್ನು ಒಂದು ಮಾತು ಕೇಳಿ.

ಇನ್ನು ನಿಮ್ಮ ಕೊನೆಯ ಪ್ರಶ್ನೆ. ಕೇಳುವುದು ಖಂಡಿತ ತಪ್ಪಲ್ಲ. ದುಡ್ಡು ಕೊಟ್ಟಿದ್ದೀರಿ, ಕೇಳಿ. ಚೀಲ ಇಟ್ಟು ಕೂತ ಮೇಲೆ, ಸಾಲು ಸ್ವಲ್ಪ ಖಾಲಿಯಾದಾಗ, "ಶಾಂಪೇನ್ ಇಲ್ಲೇ ಕೊಡ್ತೀರಾ, ಮೇಲೆ ಹೋದ ಮೇಲಾ?" ಅಂದರೆ ಸಾಕು. ಅವರಿಗೆ ಗೊತ್ತಿರುತ್ತದೆ, ಹೇಳುತ್ತಾರೆ. ಕನ್ನಡದಲ್ಲೇ ಕೇಳಿ ನೋಡಿ. ಬೆಂಗಳೂರಿನ ವಿಮಾನಗಳಲ್ಲಿ ನಮ್ಮೂರ ಕಡೆಯ ಹುಡುಗ ಹುಡುಗಿಯರು ಕೆಲಸ ಮಾಡುತ್ತಿರುತ್ತಾರೆ.

ನಿಮ್ಮ ಪತ್ರವನ್ನು ಅಕ್ಕನ ಮಗಳಿಗೂ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವಳು ಕೇಳಿದ್ದು ಒಂದೇ ಮಾತು: "ಮೇಲೆ ಹೋದ ಮೇಲೆ ಅವರಿಗೆ ತಂದುಕೊಟ್ಟರಾ ಮಾಮ?" ಅದನ್ನು ನೀವು ಬರೆದಿಲ್ಲ. ಬಿಡುವಾದಾಗ ಒಂದು ಸಾಲು ಬರೆಯಿರಿ, ಅವಳಿಗೆ ಹೇಳುತ್ತೇನೆ.