ಮೇಷ್ಟ್ರ ಟಾರ್ಚು ಯಾಕೆ ಚಾರ್ಜ್ ಆಗುತ್ತಿಲ್ಲ?

ಮಂಡ್ಯದಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: 'ರಾತ್ರಿ ಗದ್ದೆಗೆ ನೀರು ಕಟ್ಟಲು ಹೋಗುವಾಗ ಬೇಕೆಂದು ಹೊಸ ಟಾರ್ಚ್ ತಂದೆ. ಅದಕ್ಕೂ ಟೈಪ್-ಸಿ, ನನ್ನ ಫೋನಿಗೂ ಟೈಪ್-ಸಿ. ಫೋನಿನ ವೈರಿಗೆ ಎರಡೂ ತುದಿಯಲ್ಲಿ ಸಿ ಇದೆ. ಆದರೆ ಅದನ್ನು ಹಾಕಿದರೆ ಟಾರ್ಚ್ ಚಾರ್ಜ್ ಆಗುವುದೇ ಇಲ್ಲ. ಎಲ್ಲಕ್ಕೂ ಒಂದೇ ಚಾರ್ಜರ್ ಅನ್ನುವುದು ಬರೀ ಮಾತೇ?'

ಸಂಪಾದಕರ ಉತ್ತರ:

ಮೇಷ್ಟ್ರೇ, ಬರೀ ಮಾತಲ್ಲ. ನಿಮ್ಮ ಚಾರ್ಜರ್ ಕೆಟ್ಟಿಲ್ಲ. ಬಹುಶಃ ಟಾರ್ಚೂ ಕೆಟ್ಟಿಲ್ಲ. ಅದನ್ನು ಮಾಡಿದವರು ಒಂದು ಪುಟ್ಟ ವಸ್ತುವನ್ನು ಬಿಟ್ಟಿರಬೇಕು.

ಟೈಪ್-ಸಿ ಚಾರ್ಜರ್ ಚುಚ್ಚಿದ ಕೂಡಲೇ ಕರೆಂಟ್ ಬಿಡುವುದಿಲ್ಲ. ಆ ಕಡೆ ಏನಾದರೂ ಇದೆಯಾ ಎಂದು ಮೊದಲು ನೋಡುತ್ತದೆ. ಆ ಸಣ್ಣ ಬಾಯಿಯೊಳಗಿರುವ 24 ಪಿನ್ನುಗಳಲ್ಲಿ ಎರಡು ಇದಕ್ಕೆಂದೇ ಇವೆ. ಟಾರ್ಚಿನೊಳಗೆ ಅವೆರಡಕ್ಕೂ 5.1 ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್, ಅಂದರೆ ಕರೆಂಟಿಗೆ ತಡೆ ಒಡ್ಡುವ ಪುಟ್ಟ ಭಾಗ, ಹಾಕಬೇಕು. ಅದು ಕಂಡರೆ ಮಾತ್ರ ಚಾರ್ಜರ್ 5 ವೋಲ್ಟ್ ಕೊಡುತ್ತದೆ. ಅಗ್ಗದ ಟಾರ್ಚು, ಟ್ರಿಮ್ಮರುಗಳಲ್ಲಿ ಎಷ್ಟೋ ಸಲ ಇದೇ ಇರುವುದಿಲ್ಲ. ಪೈಸೆ ಲೆಕ್ಕದ ವಸ್ತು! ಅದನ್ನು ಉಳಿಸಲು ಹೋಗಿ ಜನರನ್ನು ಕತ್ತಲಲ್ಲಿ ನಿಲ್ಲಿಸುವುದು ತಪ್ಪು. ಬದುವಿನ ಮೇಲೆ ನಡೆಯುವವರಿಗೆ ಬೆಳಕು ಎಷ್ಟು ಮುಖ್ಯ ಅಂತ ನಿಮಗೆ ಗೊತ್ತು ಅಲ್ವಾ?

ಸದ್ಯಕ್ಕೆ ಅಗಲ ಬಾಯಿಯ ಹಳೇ ಯುಎಸ್‌ಬಿ ಚಾರ್ಜರಿಗೆ, ಒಂದು ತುದಿಯಲ್ಲಿ ಮಾತ್ರ ಸಿ ಇರುವ ವೈರ್ ಹಾಕಿ ನೋಡಿ. ಹಳೇ ಚಾರ್ಜರ್ ಏನೂ ಕೇಳದೆ 5 ವೋಲ್ಟ್ ಕೊಡುತ್ತದೆ. ಅದನ್ನು ಎಸೆಯಬೇಡಿ.

ಕಾನೂನಿನ ವಿಷಯ. ಯುರೋಪಿಯನ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನ್, ಟ್ಯಾಬ್ಲೆಟ್, ಕ್ಯಾಮೆರಾ, ಇಯರ್‌ಬಡ್‌ಗಳಿಗೆಲ್ಲ ಟೈಪ್-ಸಿ ಕಡ್ಡಾಯ ಮಾಡಿತು. ಲ್ಯಾಪ್‌ಟಾಪ್‌ಗೆ 2026ರ ಏಪ್ರಿಲ್ 28ರ ಗಡುವು ಇಟ್ಟಿತು. 2012ರಿಂದ ತನ್ನದೇ ಲೈಟ್ನಿಂಗ್ ಪಿನ್ ಇಟ್ಟುಕೊಂಡಿದ್ದ ಆಪಲ್ ಕೂಡ 2023ರಲ್ಲಿ ಐಫೋನ್ 15ಕ್ಕೆ ಸಿ ಕೊಟ್ಟಿತು. ನಮ್ಮ ದೇಶದ ಮಾನದಂಡ ಸಂಸ್ಥೆ ಬಿಐಎಸ್ ಕೂಡ ಟೈಪ್-ಸಿಗೆ ಮಾನದಂಡ ಪ್ರಕಟಿಸಿದೆ. ಆದರೆ ಯುರೋಪಿನ ಆ ಪಟ್ಟಿಯಲ್ಲೂ ಟಾರ್ಚ್ ಇಲ್ಲ. ಅದೂ ಸೇರಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ವೈರಿನದೂ ಇದೇ ಗೋಳು. ಮೈಸೂರಿನ ಅಂಗಡಿಯೊಂದರಲ್ಲಿ ನಾನು ತಂದ ಟೈಪ್-ಸಿ ವೈರ್ ಚಾರ್ಜ್ ಮಾಡಿತು, ಫೋಟೋ ಮಾತ್ರ ಕಂಪ್ಯೂಟರಿಗೆ ಹೋಗಲಿಲ್ಲ. ಒಳಗೆ ಡೇಟಾ ತಂತಿಯೇ ಇರಲಿಲ್ಲ. ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಅದು. ಪ್ಯಾಕೆಟ್ಟಿನ ಮೇಲೆ ಒಂದು ಸಾಲು ಬರೆದಿದ್ದರೆ ಸಾಕಿತ್ತು. ಒಳ್ಳೆಯ ವೈರಿನ ಮೇಲೆ ಅದು ಎಷ್ಟು ಶಕ್ತಿ ಸಾಗಿಸಬಲ್ಲದು ಎಂದು ತಿಳಿಸುವ 60 ವ್ಯಾಟ್ ಅಥವಾ 240 ವ್ಯಾಟ್ ಗುರುತು ಇರುತ್ತದೆ, ಅದನ್ನು ನೋಡಿ ಕೊಳ್ಳಿ.

ಮುಂದಿನ ಸಲ ಟಾರ್ಚ್ ಕೊಳ್ಳಲು ಹೋಗುವಾಗ ನಿಮ್ಮ ಫೋನಿನ ಚಾರ್ಜರು, ವೈರು ಎರಡನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಅಂಗಡಿಯಲ್ಲೇ ಚುಚ್ಚಿ ನೋಡಿ, ಆಮೇಲೆ ದುಡ್ಡು ಕೊಡಿ.