ಕ್ಯಾಮೆರಾ ಹಾಕಿದರೆ ವೆಲ್ಡಿಂಗ್ ರೋಬೋಟ್ ತಾನೇ ದಾರಿ ಹುಡುಕುತ್ತದಾ?

ಪ್ರಶ್ನೆ: ಪೀಣ್ಯದಲ್ಲಿ ನಮ್ಮದು ಸಣ್ಣ ಫ್ಯಾಬ್ರಿಕೇಷನ್ ಶೆಡ್. ಆರು ಕೀಲಿನ ಒಂದು ವೆಲ್ಡಿಂಗ್ ರೋಬೋಟ್ ಇದೆ. ಬ್ರಾಕೆಟ್, ಅದನ್ನು ಹಿಡಿದಿಡುವ ಫಿಕ್ಸ್ಚರ್‌ನಲ್ಲಿ ಎರಡು ಮಿ.ಮೀ. ಆಚೀಚೆ ಕೂತರೂ ವೆಲ್ಡ್ ಜಾಯಿಂಟ್ ಬಿಟ್ಟು ಹೋಗುತ್ತದೆ. ಮತ್ತೆ ಟೀಚ್ ಪೆಂಡೆಂಟ್ (ರೋಬೋಟ್‌ಗೆ ದಾರಿ ಕಲಿಸುವ ಕೈ ರಿಮೋಟ್) ಹಿಡಿದು ಪಾಯಿಂಟ್ ತಿದ್ದಬೇಕು. 3ಡಿ ಕ್ಯಾಮೆರಾ ಜೊತೆಗೆ ತಾನೇ ದಾರಿ ಹುಡುಕುವ ಸಾಫ್ಟ್‌ವೇರ್ ಕೂಡ ತಗೊಳ್ಳಿ ಅಂತ ಮಾರುವವರು ಹೇಳುತ್ತಿದ್ದಾರೆ. ತಗೊಳ್ಳಬಹುದಾ ಸರ್?

ಉತ್ತರ: ಕ್ಯಾಮೆರಾ ತಗೊಳ್ಳಿ. ಆ ಸಾಫ್ಟ್‌ವೇರ್ ಸದ್ಯಕ್ಕೆ ಬೇಡ.

ನಿಮ್ಮ ಬ್ರಾಕೆಟ್ ಪ್ರತಿ ಸಲವೂ ಅದೇ, ವೆಲ್ಡ್ ಆಗಬೇಕಾದ ಗೆರೆಯೂ ಅದೇ, ಕೂತ ಜಾಗ ಮಾತ್ರ ಸರಿದಿದೆ ಅಲ್ವಾ? ಎಷ್ಟು ಸರಿದಿದೆ, ಎಷ್ಟು ತಿರುಗಿದೆ ಅಂತ ಕ್ಯಾಮೆರಾ ಅಳೆದು ಕೊಟ್ಟರೆ, ನೀವು ಕಲಿಸಿಟ್ಟ ಪಾಯಿಂಟ್‌ಗಳನ್ನೆಲ್ಲ ರೋಬೋಟ್ ಒಟ್ಟಿಗೆ ಅಷ್ಟೇ ಸರಿಸಿಕೊಳ್ಳುತ್ತದೆ.

ಹೊಸ ದಾರಿ ಹುಡುಕಬೇಕಾಗುವುದು ತೊಟ್ಟಿಯಲ್ಲಿ ಹೇಗೇಗೋ ಬಿದ್ದ ಭಾಗಗಳನ್ನು ಎತ್ತುವಂಥ ಕೆಲಸದಲ್ಲಿ. ಅದು ನಿಜಕ್ಕೂ ದೊಡ್ಡ ಲೆಕ್ಕ. ಆರು ಕೀಲನ್ನೂ ಒಂದೊಂದೇ ಡಿಗ್ರಿ ತಿರುಗಿಸಿ ನೋಡುತ್ತೇವೆ ಅಂದರೆ 2ರ ಮುಂದೆ 15 ಸೊನ್ನೆಯಷ್ಟು ಭಂಗಿಗಳಾಗುತ್ತವೆ. ಅಷ್ಟನ್ನೂ ನೋಡುತ್ತಾ ಕೂರುವ ಹಾಗಿಲ್ಲ. 1998ರಲ್ಲಿ ಸಂಶೋಧಕ ಸ್ಟೀವನ್ ಲಾವಾಲ್ ಕೊಟ್ಟ ಆರ್‌ಆರ್‌ಟಿ ವಿಧಾನ ಎಲ್ಲೆಲ್ಲೋ ಬಿಂದು ಆರಿಸಿ, ಅದರತ್ತ ಕೊಂಬೆ ಚಾಚುವ ಹಾಗೆ ದಾರಿ ಬೆಳೆಸಿ, ಎಲ್ಲಿಗಾದರೂ ತಾಗುವ ಕೊಂಬೆಯನ್ನು ಅಲ್ಲೇ ಬಿಟ್ಟುಬಿಡುತ್ತದೆ. ನನಗೆ ತುಂಬಾ ಇಷ್ಟವಾದ ವಿಧಾನ ಇದು. ಮುಂದೆ ಬೇಕಾದರೆ ಮೂವ್‌ಇಟ್ ಎಂಬ ರೋಬೋಟ್ ಸಾಫ್ಟ್‌ವೇರ್‌ನಲ್ಲಿ ಉಚಿತವಾಗಿಯೇ ಸಿಗುತ್ತದೆ.

ನೀವು ದುಡ್ಡು, ಸಮಯ ಹಾಕಬೇಕಾದ್ದು ಹ್ಯಾಂಡ್-ಐ ಕ್ಯಾಲಿಬ್ರೇಷನ್‌ಗೆ. ಕ್ಯಾಮೆರಾ ತನ್ನ ಕಣ್ಣಿಂದ ಅಳೆಯುತ್ತದೆ, ರೋಬೋಟ್ ತನ್ನ ಬುಡದಿಂದ ಅಳೆಯುತ್ತದೆ, ಎರಡನ್ನೂ ಹೊಂದಿಸುವ ಕೆಲಸ ಇದು. ಇಲ್ಲಿ 1 ಡಿಗ್ರಿ ತಪ್ಪಿದರೆ ಅರ್ಧ ಮೀಟರ್ ದೂರದಲ್ಲಿ ಸುಮಾರು 8.7 ಮಿ.ಮೀ. ತಪ್ಪುತ್ತದೆ. ನಿಮ್ಮ ವೆಲ್ಡಿಂಗ್ ವೈರ್ 1.2 ಮಿ.ಮೀ. ದಪ್ಪ ಇದ್ದರೆ ಅದರ ಅರ್ಧಕ್ಕಿಂತ ಜಾಸ್ತಿ ವೆಲ್ಡಿಂಗ್ ಟಾರ್ಚ್ ಸರಿಯಬಾರದು. ಅಂದರೆ ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ ಕಷ್ಟವೇ. ಚೆಸ್‌ಬೋರ್ಡ್ ಹಾಳೆ ಇಟ್ಟು ಫೋಟೊ ತೆಗೆಯುವಾಗ ರೋಬೋಟ್ ಕೈಯನ್ನು ಸುಮ್ನೆ ಆಚೀಚೆ ಸರಿಸಿದರೆ ಸಾಲದು. ಮಣಿಕಟ್ಟನ್ನು ಬೇರೆ ಬೇರೆ ಕಡೆಗೆ ಚೆನ್ನಾಗಿ ವಾಲಿಸಿ, 15-20 ಭಂಗಿಗಳಲ್ಲಿ ತೆಗೆಯಿರಿ.

ಇನ್ನೊಂದು ಮಾತು. ಕ್ಯಾಟಲಾಗ್‌ನಲ್ಲಿರುವ ±0.05 ಮಿ.ಮೀ. ಥರದ ಅಂಕಿ ನೋಡಿ ಧೈರ್ಯ ಮಾಡಬೇಡಿ. ಅದು ಕಲಿಸಿದ ಜಾಗಕ್ಕೇ ಮತ್ತೆ ಬರುವ ಲೆಕ್ಕ. ಕ್ಯಾಮೆರಾ ಹೇಳಿದ ಹೊಸ ಜಾಗಕ್ಕೆ ಹೋಗುವಾಗ ತಪ್ಪು ಅದಕ್ಕಿಂತ ಎಷ್ಟೋ ಜಾಸ್ತಿ ಇರಬಹುದು.

ದುಡ್ಡು ಕೊಡುವ ಮೊದಲು ಡೆಮೊ ನಿಮ್ಮ ಶೆಡ್‌ನಲ್ಲೇ, ನಿಮ್ಮ ಬ್ರಾಕೆಟ್ ಮೇಲೇ ಆಗಲಿ. ಹೊಳೆಯುವ ಲೋಹ 3ಡಿ ಕ್ಯಾಮೆರಾಗೆ ತುಂಬಾ ತೊಂದರೆ ಕೊಡುತ್ತದೆ. ಬ್ರಾಕೆಟ್ಟನ್ನು ಬೇಕಂತಲೇ 10 ಮಿ.ಮೀ. ಸರಿಸಿ, 5 ಡಿಗ್ರಿ ತಿರುಗಿಸಿ, ಆರ್ಕ್ ಹಚ್ಚದೆ ನಿಧಾನ ವೇಗದಲ್ಲಿ ಓಡಿಸಲು ಹೇಳಿ. ವೈರ್ ತುದಿ ಜಾಯಿಂಟ್ ಮೇಲೇ ಹೋಗುತ್ತಾ ಅಂತ ಅಳೆದು ನೋಡಿ, ಆಮೇಲೆ ದುಡ್ಡಿನ ಮಾತು.